ದಾವಣಗೆರೆಯಿಂದ ಆಖೆನ್‌ಗೆ: ಮೊದಲ ವಾರದ ಕ್ಲಾಸಿಗೆ ಹೊರಡುವವರಿಗೆ

ನಮ್ಮೂರಿನ ಬಿಐಇಟಿ, ಯುಬಿಡಿಟಿ ಕಾಲೇಜುಗಳಲ್ಲಿ ಬಿಇ ಮುಗಿಸಿ ಜರ್ಮನಿಗೆ, ಅದರಲ್ಲೂ ಅಲ್ಲಿನ ಆಖೆನ್ ಊರಿನ ವಿಶ್ವವಿದ್ಯಾಲಯಕ್ಕೆ, ಎಂಎಸ್ ಮಾಡಲು ಹೊರಟ ತಮ್ಮ ತಂಗಿಯರು ವೀಸಾ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಟಿಕೆಟ್ ಯಾವಾಗಿನದು ತಗೊಳ್ಳಲಿ? ಕ್ಲಾಸು ಶುರುವಾಗುವುದಕ್ಕೆ ಕಡೇಪಕ್ಷ ಮೂರು ವಾರ ಮೊದಲಿನದು ತಗೊಳ್ಳಿ. ಚಳಿಗಾಲದ ಸೆಮಿಸ್ಟರ್ ಪಾಠಗಳು ಅಕ್ಟೋಬರಿನಲ್ಲಿ ಆರಂಭವಾಗುತ್ತವೆ. ಮನೆಯಲ್ಲಿ "ದಸರಾ ಮುಗಿಸಿಕೊಂಡು ಹೋಗಪ್ಪಾ" ಅನ್ನುತ್ತಾರೆ, ಅವರ ಆಸೆಯಲ್ಲಿ ತಪ್ಪಿಲ್ಲ. ಆದರೂ ದುಗ್ಗಮ್ಮನಿಗೆ ಹಣ್ಣುಕಾಯಿ ಮಾಡಿಸಿ ಸೆಪ್ಟೆಂಬರಿನಲ್ಲೇ ಹೊರಟುಬಿಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದು ಅಲ್ಲಿನ ಕಾನೂನು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು, ಮೊದಲೇ ಸಮಯ ಗೊತ್ತುಮಾಡಿಕೊಂಡಿರಬೇಕು. ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ಹಣ ಮೊದಲೇ ಕಟ್ಟಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ 11,904 ಯೂರೋದಿಂದ ತಿಂಗಳಿಗೆ 992 ಯೂರೋ ಬಿಡುಗಡೆಯಾಗುತ್ತದೆ, ಅದು ಬರಲು ಅಲ್ಲಿನ ಬ್ಯಾಂಕ್ ಖಾತೆ ಬೇಕು. ಆರೋಗ್ಯ ವಿಮೆ, ಸಿಮ್ ಎಲ್ಲವೂ ಹೀಗೆ ಒಂದಕ್ಕೊಂದು ಅಂಟಿಕೊಂಡಿವೆ. ತಡವಾಗಿ ಬಂದವರು ಮೊದಲ ವಾರದ ಪಾಠ ಬಿಟ್ಟು ಕಚೇರಿ ಬಾಗಿಲಲ್ಲಿ ನಿಂತಿರುವುದನ್ನು ನೋಡಿ ಸಂಕಟವಾಗಿದೆ. ಆ ವಾರ ಪೂರ್ತಿ ಕ್ಲಾಸಿಗೇ ಸಿಗಬೇಕು.

ಬಾಡಿಗೆ ವಿಷಯದಲ್ಲಿ ಒಂದು ಎಚ್ಚರ. ಆಖೆನ್ ಊರಿಗೆ ತಾಗಿಕೊಂಡೇ ವಾಲ್ಸ್ ಇದೆ, ಸಿಟಿ ಬಸ್ಸಿನಲ್ಲೇ ಹೋಗಬಹುದು. ಆದರೆ ಅದು ನೆದರ್ಲೆಂಡ್ಸ್, ನಿಮ್ಮ ವೀಸಾ ಜರ್ಮನಿಯದು. ಅಲ್ಲಿ ಕೋಣೆ ಸಿಕ್ಕಿತೆಂದು ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಬರೆದು ಕೇಳಿ.

ಪ್ರಯಾಣ ಸುಲಭ. ದಾವಣಗೆರೆಯಿಂದ ಕಾರು ಮಾಡಿಕೊಂಡು ಹೋಗುವವರು ಬೆಂಗಳೂರಿನೊಳಗೆ ನುಗ್ಗದೆ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ಫ್ರಾಂಕ್‌ಫರ್ಟಿಗೆ ನೇರ ವಿಮಾನವಿದೆ, ಅಲ್ಲಿನ ವಿಮಾನ ನಿಲ್ದಾಣದಲ್ಲೇ ರೈಲು ನಿಲ್ದಾಣ. ಅಮ್ಮ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಬೆಣ್ಣೆ, ತುಪ್ಪ, ಪೇಡಾ ಒಯ್ಯಬೇಡಿ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧವಿದೆ. ಹಸಿ ಕರಿಬೇವೂ ಬೇಡ. ಶೇಂಗಾ ಚಟ್ನಿಪುಡಿ, ಖಾರದಪುಡಿ, ಕಟಕ ರೊಟ್ಟಿ ಧಾರಾಳವಾಗಿ ತಗೊಂಡು ಹೋಗಿ.

ಇನ್ನು ಕ್ಲಾಸಿನ ಮಾತು. ಪಾಠ ಶುರುವಾಗುವ ಹಿಂದಿನ ದಿನಗಳಲ್ಲಿ ನಿಮ್ಮ ವೇಳಾಪಟ್ಟಿಯ ಕೋಣೆಗಳನ್ನೆಲ್ಲ ನಡೆದೇ ನೋಡಿಕೊಂಡು ಬನ್ನಿ. ಕೆಲವು ಕಟ್ಟಡ ಊರ ನಡುವೆ ಟೆಂಪ್ಲರ್‌ಗ್ರಾಬೆನ್ ಸುತ್ತ ಇವೆ, ಮೆಲಾಟೆನ್ ಕ್ಯಾಂಪಸ್ ಊರ ಅಂಚಿನಲ್ಲಿದೆ, ಬಸ್ಸು ಹಿಡಿಯಬೇಕು. ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋಗುವವರು ವೇಳಾಪಟ್ಟಿಯಲ್ಲಿ ಸಮಯದ ಮುಂದೆ ಸಿ.ಟಿ. ಎಂದಿದೆಯೇ ನೋಡಿ. ಇದ್ದರೆ ಪಾಠ ಹೇಳಿದ ಸಮಯಕ್ಕಿಂತ ಕಾಲು ಗಂಟೆ ತಡವಾಗಿ ಶುರು. ಎಸ್.ಟಿ. ಇದ್ದರೆ ಸರಿಯಾದ ಸಮಯಕ್ಕೆ.

ಪ್ರೊಫೆಸರ್ ಒಳಬಂದಾಗ ಯಾರೂ ಎದ್ದು ನಿಲ್ಲುವುದಿಲ್ಲ. ದೊಡ್ಡ ಹಾಲ್‌ಗಳಲ್ಲಿ ಹಾಜರಿ ಕೂಗುವುದಿಲ್ಲ. ತೊಂಬತ್ತು ನಿಮಿಷ ಪಾಠ, ಮುಗಿದಾಗ ಎಲ್ಲರೂ ಡೆಸ್ಕ್ ಮೇಲೆ ಬೆರಳಗಂಟಿನಿಂದ ತಟ್ಟುತ್ತಾರೆ, ಅದೇ ಅವರ ಚಪ್ಪಾಳೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರುವುದೇ ಬೇಡ. ಮುಂದೆ ನಿಂತು ಪಾಠ ಮಾಡುವವರಿಗೂ ಬಹುಮಟ್ಟಿಗೆ ಅದು ಎರಡನೇ ಭಾಷೆಯೇ, ಅರ್ಥವಾಗದಿದ್ದರೆ ಕೈಯೆತ್ತಿದವರಿಗೆ ಮತ್ತೊಮ್ಮೆ ಹೇಳುತ್ತಾರೆ.

ಹಾಜರಿ ಇಲ್ಲ ಅನ್ನುವುದನ್ನು ಬಿಡುವು ಅಂದುಕೊಳ್ಳಬೇಡಿ. ಇಲ್ಲಿ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ 85% ಹಾಜರಿ ಮತ್ತು ಇಂಟರ್ನಲ್ಸ್ ನಮ್ಮನ್ನು ತಿಂಗಳು ತಿಂಗಳು ಓದಿಸುತ್ತಿದ್ದವು. ಅಲ್ಲಿ ಅನೇಕ ವಿಷಯಗಳಿಗೆ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ, ಅದರ ಅಂಕವೇ ಅಂತಿಮ. 1.0 ಅತ್ಯುತ್ತಮ, 4.0 ಪಾಸಾಗುವ ಕೊನೆಯ ಗ್ರೇಡ್, 5.0 ಅಂದರೆ ಫೇಲು. ಕಡ್ಡಾಯ ವಿಷಯಕ್ಕೆ ಸಾಮಾನ್ಯವಾಗಿ ಮೂರು ಅವಕಾಶ. ಮೂರನೆಯದೂ ಕೈತಪ್ಪಿದರೆ ಆ ಕೋರ್ಸಿನಿಂದಲೇ ಹೊರಗೆ. ಈ ನಿಯಮವನ್ನು ಹೊರಡುವ ಮೊದಲೇ ಅಪ್ಪ ಅಮ್ಮನಿಗೂ ಬಿಡಿಸಿ ಹೇಳಿ. ಸಾಲಕ್ಕೆ ಸಹಿ ಹಾಕಿದವರಿಗೆ ಇದು ಗೊತ್ತಿರಲೇಬೇಕು.

ಆದ್ದರಿಂದ ಮೊದಲ ವಾರ ಬೇಕೆನಿಸಿದ್ದಕ್ಕಿಂತ ಒಂದೆರಡು ಹೆಚ್ಚು ವಿಷಯಗಳ ಪಾಠಕ್ಕೆ ಕೂತು ನೋಡಿ. ಸೆಮಿಸ್ಟರಿಗೆ 30 ಕ್ರೆಡಿಟ್ ಲೆಕ್ಕ, ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. ಸೀನಿಯರ್ ಆರಿಸಿದ್ದಾನೆಂದು ಅದನ್ನೇ ಆರಿಸಬೇಡಿ, ನಿಮ್ಮ ಬಿಇ ವಿಷಯದ ಮೇಲೆ ನಿಲ್ಲುವಂಥದ್ದು ಯಾವುದೆಂದು ಕೇಳಿಸಿಕೊಂಡು ತೀರ್ಮಾನಿಸಿ. ಪಾಠದ ಜೊತೆಗೆ ಯೂಬುಂಗ್ ಅಂತ ಲೆಕ್ಕ ಬಿಡಿಸುವ ತರಗತಿ ಬೇರೆ ಇರುತ್ತದೆ. ಪರೀಕ್ಷೆಯ ಪ್ರಶ್ನೆಗಳ ಧಾಟಿ ಗೊತ್ತಾಗುವುದು ಅಲ್ಲೇ, ಅದನ್ನು ಒಂದೂ ಬಿಡಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳಿಗೆ ನಿಮ್ಮ ವಿಭಾಗದ ವಿದ್ಯಾರ್ಥಿ ಸಂಘವಾದ ಫಾಖ್‌ಶಾಫ್ಟ್‌ನಲ್ಲಿ ವಿಚಾರಿಸಿ. ಪಾಠಕ್ಕೆ ನೋಂದಣಿ ಬೇರೆ, ಪರೀಕ್ಷೆಗೆ ನೋಂದಣಿ ಬೇರೆ. ಪರೀಕ್ಷೆಯದರ ಕೊನೆಯ ದಿನಾಂಕವನ್ನು ಮೊದಲ ವಾರವೇ ಫೋನಿನಲ್ಲಿ ಹಾಕಿಡಿ.

ನಮ್ಮವರು ಸಿಕ್ಕರೆ ಜೀವ ಹಗುರಾಗುತ್ತದೆ, ಕನ್ನಡ ಕೇಳಿದರೆ ಹೊಟ್ಟೆ ತುಂಬುತ್ತದೆ. ಆದರೆ ಹಾಲ್‌ನಲ್ಲಿ ಕೂರುವಾಗ ಗೊತ್ತಿಲ್ಲದವರ ಪಕ್ಕ ಕೂರಿ. ಗುಂಪು ಕೆಲಸಕ್ಕೆ ಜೊತೆ ಹುಡುಕುವ ಹೊತ್ತಿಗೆ ಆ ಪರಿಚಯ ಬೇಕಾಗುತ್ತದೆ. ಮನೆಗೆ ಫೋನನ್ನು ವಿಶ್ವವಿದ್ಯಾಲಯದ ಕ್ಯಾಂಟೀನಾದ ಮೆನ್ಸಾದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಮಾಡಿ. ಅಕ್ಟೋಬರಿನ ಕೊನೇ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಹಾಕುತ್ತಾರೆ, ಆಮೇಲೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಸಂಜೆ ಮಾಡಿದರೆ ಇಲ್ಲಿ ಮಲಗುವ ಹೊತ್ತು.

ಪಾರ್ಟ್‌ಟೈಮ್ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಗಳ ಅವಕಾಶವಿದೆ. ಬಂದ ವಾರವೇ ಅದರ ಹಿಂದೆ ಬೀಳಬೇಡಿ. ಮೊದಲ ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಬಂದು, ವೇಳಾಪಟ್ಟಿ ಗಟ್ಟಿಯಾದ ಮೇಲೆ ನವೆಂಬರಿನಲ್ಲಿ ಹುಡುಕಲು ಶುರು ಮಾಡಿ.