ಒಂದೇ ಕುದಿ, ಎರಡು ಅಡುಗೆ: ಮೈಸೂರಿನ ಒಂದು ಮನೆಯ ದಿನಸಿ ಲೆಕ್ಕ

ಕಾರ್ತಿಕ ಮುಗಿದ ವಾರ

ಅಡುಗೆಮನೆಯ ಖರ್ಚು ಇಳಿಯಬೇಕು, ತಟ್ಟೆಯಲ್ಲಿ ಏನೂ ಕಡಿಮೆಯಾಗಬಾರದು. ಈ ಕೆಲಸಕ್ಕೆ ನಾನು ಹಾಕಿಕೊಂಡ ಷರತ್ತು ಇಷ್ಟೇ. ಮನೆಯಲ್ಲಿ ನಾವು ನಾಲ್ವರು: ನಾವಿಬ್ಬರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು. ಹಾಲು ಮತ್ತು ಗ್ಯಾಸ್ ಬಿಟ್ಟು ದಿನಸಿ, ತರಕಾರಿ, ಹಣ್ಣಿಗೆ ತಿಂಗಳಿಗೆ ಹೆಚ್ಚುಕಡಿಮೆ 11,000 ರೂಪಾಯಿ ಹೋಗುತ್ತಿತ್ತು. ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಒಂದೊಂದು ಚೀಟಿಯನ್ನೂ ಅಂಟಿಸಿ ಕೂಡಿದೆ. ಹೆಚ್ಚಿನ ಹಣ ಹೋಗಿದ್ದು ತರಕಾರಿಗಲ್ಲ, ಪೊಟ್ಟಣಗಳಿಗೆ: ಬೇಳೆ, ಎಣ್ಣೆ, ರಾಗಿಹಿಟ್ಟು, ಸಾರಿನ ಪುಡಿ.

ಹಾಗಾಗಿ ಅಲ್ಲಿಂದಲೇ ಶುರು. 25 ಕಿಲೋವರೆಗಿನ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ 2022ರ ಜುಲೈ 18ರಿಂದ ಶೇ 5ರಷ್ಟು ಜಿಎಸ್‌ಟಿ ಬಂತು. ಚೀಲದಿಂದ ತೂಗಿಕೊಡುವ ಬಿಡಿ ಸಾಮಾನಿಗೆ ಆ ತೆರಿಗೆ ಇಲ್ಲ. ಅದರ ಮೇಲೆ ಪೊಟ್ಟಣದ್ದೇ ಖರ್ಚು, ಜಾಹೀರಾತಿನ ಖರ್ಚು. ಸಂತೇಪೇಟೆಯಲ್ಲಿ ಚೀಲದ ಬಾಯಿ ತೆರೆದಿಟ್ಟಿರುವ ಅಂಗಡಿಯಲ್ಲಿ ಬೇಳೆಯನ್ನು ಅಂಗೈಗೆ ಹಾಕಿಕೊಂಡು ನೋಡಬಹುದು, ಒಂದು ಕಾಳು ಕಚ್ಚಿ ನೋಡಬಹುದು. ಹುಳು, ಕಲ್ಲು, ನುಚ್ಚು ಎಲ್ಲ ಅಲ್ಲೇ ಕಾಣುತ್ತದೆ. ಹೊಳೆಯುವ ಪೊಟ್ಟಣದಲ್ಲಿ ಈ ಸೌಕರ್ಯ ಇಲ್ಲ.

ಎಣ್ಣೆಯ ವಿಚಾರದಲ್ಲಿ ಎಚ್ಚರ ಬೇಕು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ನೋಡಲು ಲೀಟರಿನಂತೆಯೇ ಕಾಣುವ 850 ಮಿಲಿಲೀಟರಿನ, 750 ಗ್ರಾಮಿನ ಪೊಟ್ಟಣಗಳೂ ಇರುತ್ತವೆ. ಬೆಲೆ ಕಡಿಮೆ ಎಂದು ಕೈ ಅದರ ಕಡೆಗೇ ಹೋಗುತ್ತದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಪ್ರತಿ ಗ್ರಾಂ ಅಥವಾ ಪ್ರತಿ ಮಿಲಿಲೀಟರಿನ ಬೆಲೆ ಅಚ್ಚಾಗಿರುತ್ತದೆ. ನಾನು ಈಗ ಓದುವುದು ಅದೊಂದನ್ನೇ.

ಧನುರ್ಮಾಸ

ಈ ತಿಂಗಳು ಅವರೆಕಾಯಿಯದು. ಬೇರೆ ತರಕಾರಿ ನೆನಪಿಗೇ ಬರುವುದಿಲ್ಲ.

ನಾಡ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಒಮ್ಮೆಲೇ ಮಾರುಕಟ್ಟೆ ತುಂಬುತ್ತದೆ, ಬೆಲೆ ಇಳಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟ ಮೇಲೆ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತದೆ. ಸಿಗಲಿ, ಒಳ್ಳೆಯದೇ. ಆದರೆ ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡು ಅದರಲ್ಲಿ ಇರುವುದಿಲ್ಲ. ಕೈಗೆ ಅಂಟಿದ ವಾಸನೆ ಸೋಪಿಗೂ ಹೋಗದಿದ್ದರೆ ಅದು ಒಳ್ಳೆಯ ಕಾಯಿ.

ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋದರೆ ಕಾಯಿ ಆರಿಸಲು ಬಿಡುತ್ತಾರೆ. ನೀರು ಚಿಮುಕಿಸಿದ ರಾಶಿ ತೂಕಕ್ಕೆ ನಷ್ಟ. ಒಣಗಿದ ಸಿಪ್ಪೆ, ತುಂಬಿದ ಕಾಳು ನೋಡಬೇಕು. ಮನೆಯ ತಕ್ಕಡಿಯಲ್ಲಿ ತೂಗಿದಾಗ ಒಂದು ಕಿಲೋ ಕಾಯಿಗೆ ಅರ್ಧ ಕಿಲೋಗಿಂತ ಕೊಂಚ ಕಡಿಮೆ ಕಾಳು ಬಂತು. ಈ ಲೆಕ್ಕ ತಿಳಿದ ಮೇಲೆ ಸುಲಿದ ಕಾಳಿನ ಬೆಲೆ ಸರಿಯೋ ಅಲ್ಲವೋ ಎಂದು ನಿಂತಲ್ಲೇ ಹೇಳಬಹುದು: ಕಾಯಿಯ ಬೆಲೆಯ ಎರಡೂಕಾಲು ಪಟ್ಟಿನೊಳಗೆ ಸಿಕ್ಕರೆ ಸುಲಿದದ್ದನ್ನೇ ತರುತ್ತೇನೆ. ಅದಕ್ಕಿಂತ ಹೆಚ್ಚಾದರೆ ಸಂಜೆ ನಾವೆಲ್ಲ ಕೂತು ಸುಲಿಯುವುದು. ಹಿದಕಿದ ಬೇಳೆಗೆ ಮಾತ್ರ ಮಾರುವವರು ಕೇಳುವ ಬೆಲೆ ನ್ಯಾಯವಾದದ್ದು. ರಾತ್ರಿಯಿಡೀ ನೆನೆಸಿ ಒಂದೊಂದೇ ಕಾಳನ್ನು ಹಿದುಕಿದವರಿಗೆ ಆ ಬೆರಳು ನೋವು ಗೊತ್ತು. ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಸೋವಿಯಾದ ವಾರದಲ್ಲಿ ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ ಫ್ರೀಜರಿಗೆ ಇಟ್ಟಿದ್ದೇನೆ.

ತೆಂಗಿನಕಾಯಿ ದುಬಾರಿಯಾದ ಮೇಲೆ ಅವರೆಕಾಳಿನ ಸಾರಿಗೆ ಹುಚ್ಚೆಳ್ಳನ್ನು ಹುರಿದು ಪುಡಿ ಮಾಡಿ ಹಾಕುತ್ತಿದ್ದೇನೆ. ಅತ್ತೆಗೆ ಇದು ತವರಿನ ರುಚಿ. ಅವರು ಮಂಡ್ಯ ಕಡೆಯವರು. ತೆಂಗಿನಕಾಯಿ ಅರ್ಧಕ್ಕೆ ಇಳಿಯಿತು, ಸಾರು ಇನ್ನೂ ಗಟ್ಟಿಯಾಯಿತು.

ಸಂಕ್ರಾಂತಿಯ ಹಿಂದುಮುಂದು

ಈ ಪ್ರಯತ್ನದ ತಿರುಳು ನನಗೆ ಸಿಕ್ಕಿದ್ದು ಬಸ್ಸಾರಿನಲ್ಲಿ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನಾನು ಅಡುಗೆ ಯೋಚಿಸಿ, ಪಟ್ಟಿ ಬರೆದು, ಆಮೇಲೆ ಮಾರುಕಟ್ಟೆಗೆ ಹೋಗುತ್ತಿದ್ದೆ. ಪಟ್ಟಿಯಲ್ಲಿ ಬೀನ್ಸ್ ಇದ್ದರೆ ಅದಕ್ಕೆ ಎಷ್ಟೇ ಬೆಲೆ ಇದ್ದರೂ ಬೀನ್ಸೇ ಬರುತ್ತಿತ್ತು. ಈಗ ಪಟ್ಟಿ ಇಲ್ಲ. ಸೊಪ್ಪು ಯಾವುದು ಚೆನ್ನಾಗಿದೆ, ಯಾವುದು ಸೋವಿ ಎಂದು ನೋಡಿ ತರುತ್ತೇನೆ, ಅಡುಗೆ ಆಮೇಲೆ ನಿರ್ಧಾರವಾಗುತ್ತದೆ. ಹೀಗೆ ಮಾಡಬೇಕಾದರೆ ಯಾವ ಸೊಪ್ಪು ಬಂದರೂ ಒಗ್ಗುವ ಅಡುಗೆ ಕೈಯಲ್ಲಿರಬೇಕು. ನಮ್ಮ ಸೀಮೆಯ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು ಮೂರೂ ಅಂಥವೇ.

ಸೊಪ್ಪು ನಾಳೆಗೆ ಉಳಿಯುವುದಿಲ್ಲ ಎಂಬುದು ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ನಮ್ಮ ಬಡಾವಣೆಯ ತಿರುವಿನಲ್ಲಿ ಸೊಪ್ಪು ಹಾಕಿಕೊಂಡು ಕೂರುವ ಅಮ್ಮ ಕತ್ತಲಾಗುತ್ತಿದ್ದಂತೆ, "ಉಳಿದಿರುವುದು ಇಷ್ಟೇ ಕಣವ್ವ, ಎಲ್ಲ ಸೇರಿ ಇಪ್ಪತ್ತು ಕೊಟ್ಟುಬಿಡು" ಎನ್ನುತ್ತಾರೆ. ದಂಟು, ಕೀರೆ, ಸಬ್ಬಸಿಗೆ, ಒಂದು ಹಿಡಿ ಗಣಿಕೆ, ಕೆಲವೊಮ್ಮೆ ಹೊನಗೊನ್ನೆ. ಬೆರಕೆ ಸೊಪ್ಪಿನ ರುಚಿ ಒಂದೇ ಸೊಪ್ಪಿಗೆ ಎಂದೂ ಬರುವುದಿಲ್ಲ. ತಂದ ರಾತ್ರಿಯೇ ಬಿಡಿಸಿ, ಕೊಳೆತ ಎಲೆ ತೆಗೆದು, ತೊಳೆಯದೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನ ಬೆಳಗಿಗೆ ಬಾಡಿರುವುದಿಲ್ಲ.

ಬಸ್ಸಾರಿಗೆ ತೊಗರಿಬೇಳೆ, ಇಲ್ಲವೇ ಹೆಸರುಕಾಳು, ಅಲಸಂದೆ, ಹುರುಳಿ ಯಾವುದಾದರೂ ಸರಿ. ಕಾಳಾದರೆ ನೆನೆಸಿರಬೇಕು. ಕುಕ್ಕರ್ ಬೇಡ, ತೆರೆದ ಪಾತ್ರೆಯೇ ಆಗಬೇಕು. ಅತ್ತೆಯ ಮಾತು: "ಹಿಸುಕಿದರೆ ನುರಿಯಬೇಕು, ತಾನಾಗಿ ಒಡೆಯಬಾರದು." ಆ ಹದಕ್ಕೆ ಬಂದಾಗ ಸೊಪ್ಪು ಮತ್ತು ಉಪ್ಪು ಹಾಕಿ, ಸೊಪ್ಪು ಬೆಂದ ಕೂಡಲೇ ಬಸಿಯುವುದು. ಕೆಳಗೆ ಇಳಿದ ಕಟ್ಟು ಸಾರಿಗೆ, ಮೇಲೆ ಉಳಿದದ್ದು ಪಲ್ಯಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕೊತ್ತಂಬರಿ ಬೀಜ ಹುರಿದು, ಚೂರು ಕಾಯಿ, ಹುಣಸೆ ಮತ್ತು ಬೆಂದ ಸೊಪ್ಪಿನಲ್ಲಿ ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಕುದಿಯಲ್ಲಿ ಎರಡು ಅಡುಗೆ, ಒಂದು ತೊಟ್ಟು ನೀರೂ ಚರಂಡಿಗೆ ಹೋಗಲಿಲ್ಲ. ಸೊಪ್ಪಿನ, ಕಾಳಿನ ಸತ್ವದಲ್ಲಿ ನೀರಿಗೆ ಇಳಿಯುವಂಥದ್ದೆಲ್ಲ ಆ ಕಟ್ಟಿನಲ್ಲೇ ಇರುತ್ತದೆ. ಇದನ್ನು ಕಂಡುಹಿಡಿದ ಅಜ್ಜಿಯಂದಿರ ಬುದ್ಧಿಗೆ ನಾನು ಕೈಮುಗಿಯುತ್ತೇನೆ.

ಉಪ್ಪುಸಾರು ಇನ್ನೂ ಸರಳ. ಕಟ್ಟಿಗೆ ಮಸಾಲೆ ಇಲ್ಲ, ಉಪ್ಪು ಮಾತ್ರ. ಹಸಿಮೆಣಸಿನಕಾಯಿ ಸುಟ್ಟು ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಉಪ್ಪಿನೊಂದಿಗೆ ಅರೆದ ಖಾರ ಬೇರೆ. ತಟ್ಟೆಗೆ ಬಂದ ಮೇಲೆ ಅವರವರಿಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಮಗಳಿಗೆ ಕಡಿಮೆ, ಅವಳ ಅಪ್ಪನಿಗೆ ಹೆಚ್ಚು. ಬೇರೆ ಬೇರೆ ಅಡುಗೆ ಬೇಕಿಲ್ಲ. ಸಾರಿನ ಪುಡಿಯ ಪೊಟ್ಟಣ ಈ ತಿಂಗಳು ತಂದೇ ಇಲ್ಲ.

ಬೇಳೆ ಬೇಯುವ ಬಗ್ಗೆ ಒಂದು ಮಾತು. ನಲ್ಲಿ ನೀರು ಬಾರದ ದಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಒಳಗಿನ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತವೆ. ಹುಣಸೆಯ ಹುಳಿಯೂ ಹೀಗೆಯೇ ತಡೆಯುತ್ತದೆ, ಅದಕ್ಕೇ ಹುಳಿ ಯಾವಾಗಲೂ ಬೇಳೆ ಬೆಂದ ಮೇಲೆ. ಈಗ ನಲ್ಲಿ ನೀರನ್ನು ಒಂದು ಕೊಡ ಬೇಳೆಗೆಂದೇ ಎತ್ತಿಡುತ್ತೇನೆ, ಗ್ಯಾಸ್ ಉಳಿಯುತ್ತದೆ.

ಮಾಘ

ರಾಗಿ ಬಂತು. ಅತ್ತೆಯ ತಮ್ಮ ಕಣದಿಂದಲೇ ಒಂದು ಚೀಲ ಕೊಟ್ಟರು, ದುಡ್ಡು ಕೊಟ್ಟೇ ತಂದೆವು. ಅಂಗಡಿಯ ಹಿಟ್ಟಿಗಿಂತ ಬಹಳ ಕಡಿಮೆ ಬಿತ್ತು. ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟು ಬೇಗ ಕಹಿಯಾಗುತ್ತದೆ. ಆದ್ದರಿಂದ ತಿಂಗಳಿಗೆ ಬೇಕಾದಷ್ಟನ್ನೇ ತೊಳೆದು ಒಣಗಿಸಿ ಗಿರಣಿಗೆ ಕಳಿಸುವುದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ಅವು ಬಂದ ಮೇಲೆ ನಮ್ಮ ಸೀಮೆಯ ಇಳುವರಿಯೇ ಬದಲಾಯಿತು ಎಂದು ಅತ್ತೆಯ ತಮ್ಮ ಇಂದಿಗೂ ಅವರನ್ನು ನೆನೆಯುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳೆಯುವ ಮಗಳಿಗೂ ಮೊಣಕಾಲು ನೋವಿನ ಅತ್ತೆಗೂ ಒಂದೇ ಮುದ್ದೆ. ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಅಂಬಲಿ.

ಶಿವರಾತ್ರಿ ಹತ್ತಿರ

ಉತ್ತರದ ಜಿಲ್ಲೆಗಳ ಹೊಸ ತೊಗರಿ ಬೇಳೆಯಾಗಿ ಬರುವ ಕಾಲ ಇದು. ವರ್ಷದ ಅರ್ಧಕ್ಕೆ ಆಗುವಷ್ಟು ತೆಗೆದುಕೊಂಡೆವು. ಬಿಸಿಲಿಗೆ ಹಾಕಿ, ಆರಿದ ಮೇಲೆ ಒಂದು ಭಾಗಕ್ಕೆ ಹರಳೆಣ್ಣೆ ಸವರಿ ಡಬ್ಬಕ್ಕೆ ತುಂಬಿದೆ. ರಾಗಿಯ ಚೀಲದಲ್ಲಿ ಒಣ ಬೇವಿನ ಎಲೆ. ಈರನಗೆರೆ ಬದನೆ ಸೋವಿಯಾಗಿ ಸಿಕ್ಕಿದ್ದರಿಂದ ಎಣ್ಣೆಗಾಯಿ ಆಯಿತು. ಇದಕ್ಕೆ ಎಣ್ಣೆ ಸ್ವಲ್ಪ ಹೆಚ್ಚೇ ಹೋಯಿತು, ಹೋಗಲಿ. ರುಚಿ ಬಿಟ್ಟು ಉಳಿಸುವ ದುಡ್ಡು ನನಗೆ ಬೇಡ.

ಈ ತಿಂಗಳ ಮೊತ್ತ 8,400 ರೂಪಾಯಿ, ಬೇಳೆಯ ದಾಸ್ತಾನನ್ನು ಅದರ ತಿಂಗಳುಗಳಿಗೆ ಹಂಚಿ ಹಾಕಿದ ಲೆಕ್ಕ. ಉಳಿದದ್ದರಲ್ಲಿ ಹಣ್ಣಿಗೆ ಮೊದಲಿಗಿಂತ ಹೆಚ್ಚು ಕೊಡುತ್ತಿದ್ದೇವೆ. ಮಗಳ ಬುತ್ತಿಯಲ್ಲಿ ದಿನಾ ಒಂದು ಹಣ್ಣು ಇರುತ್ತದೆ.

ಮುಂದಿನದು ಹುಣಸೆ. ಹೊಸ ಹಣ್ಣು ಬರುತ್ತಿದೆ, ಸಿಪ್ಪೆ ಸಹಿತ ತಂದರೆ ಬೆಲೆ ಬಹಳ ಕಡಿಮೆ. ಸಿಪ್ಪೆ, ನಾರು, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ, ಉಂಡೆ ಕಟ್ಟಿ ಜಾಡಿಗೆ ತುಂಬಬೇಕು. ಸಿಪ್ಪೆ, ನಾರು, ಬೀಜ ಹೋಗಿ ಒಂದು ಕಿಲೋಗೆ ಎಷ್ಟು ತಿರುಳು ನಿಲ್ಲುತ್ತದೆ ಎಂದು ತೂಗಿ ಬರೆದಿಡುತ್ತೇನೆ. ಭಾನುವಾರಕ್ಕೆ ಅತ್ತೆ ಈಗಾಗಲೇ ಎರಡು ಮೊರ ತೆಗೆದಿಟ್ಟಿದ್ದಾರೆ.