‘ಆರು ತಿಂಗಳು ಬಿಟ್ಟು ಬನ್ನಿ’ ಅನ್ನುವ ಮೊದಲು

ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಓಪಿಡಿಯಲ್ಲಿ ಕೂರುವವರಿಗೆಲ್ಲ ಈ ಫೈಲ್ ಗೊತ್ತು. ಹನ್ನೆರಡರ ಹುಡುಗ, ಒಂದೇ ವರ್ಷದಲ್ಲಿ ಎರಡನೇ ಕನ್ನಡಕ, ಸಿಲಿಂಡರ್ (ಕಾರ್ನಿಯಾದ ಓರೆಬಾಗನ್ನು ಸರಿದೂಗಿಸುವ ನಂಬರ್) ಏರುತ್ತಲೇ ಇದೆ. ಕಾರ್ನಿಯಾದ ಆಕಾರ ತೋರಿಸುವ ಟೊಪೊಗ್ರಫಿ ಸ್ಕ್ಯಾನಿನಲ್ಲಿ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ) ಎದ್ದು ಕಾಣುತ್ತಿದ್ದರೂ ‘ಪ್ರೋಗ್ರೆಷನ್ (ಕಾಯಿಲೆ ಮುಂದುವರಿಯುವುದು) ದಾಖಲಾಗಲಿ, ಆರು ತಿಂಗಳು ಬಿಟ್ಟು ಬನ್ನಿ’ ಎಂದು ಬರೆದು ಕಳಿಸಿರುತ್ತಾರೆ. ಅಂಥ ಫೈಲ್ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ದೊಡ್ಡವರಲ್ಲಿ ವರ್ಷದೊಳಗೆ ಕೆ-ಮ್ಯಾಕ್ಸ್ (ಕಾರ್ನಿಯಾದ ಅತಿ ಕಡಿದಾದ ಬಾಗಿನ ಅಳತೆ) 1 ಡಯಾಪ್ಟರ್ ಏರಿತೇ ಎಂದು ಕಾದು ನೋಡಬಹುದು. ಎಳೆಯ ಕಾರ್ನಿಯಾ ಅಷ್ಟು ಸಮಯ ಕೊಡುವುದಿಲ್ಲ. ಕ್ರಾಸ್‌ಲಿಂಕಿಂಗ್ (ರೈಬೋಫ್ಲೇವಿನ್ ಅಂದರೆ ಬಿ2 ವಿಟಮಿನ್ ಹನಿ, ಯುವಿ ಬೆಳಕು ಬಳಸಿ ಕಾರ್ನಿಯಾ ಗಟ್ಟಿಗೊಳಿಸುವ ಚಿಕಿತ್ಸೆ) ಇದ್ದ ಆಕಾರವನ್ನು ಹಿಡಿದು ನಿಲ್ಲಿಸುತ್ತದೆ, ಕಳೆದುಹೋದ ದೃಷ್ಟಿಯನ್ನು ಪೂರ್ತಿ ವಾಪಸ್ ತರುವುದಿಲ್ಲ.

ಕಾಯಲೇಬೇಕೆಂದರೆ ಮೂರು ತಿಂಗಳಿಗೆ ಕರೆಸಿ, ಅದೇ ಯಂತ್ರದಲ್ಲೇ ಸ್ಕ್ಯಾನ್ ಮಾಡಿ. ಸ್ಲಾಟ್ ಇಲ್ಲವೆಂದು ಇನ್ನೊಂದು ಯಂತ್ರಕ್ಕೆ ಕಳಿಸಿದರೆ ಎರಡರ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. ಮಕ್ಕಳಿಗೆಂದೇ ಸ್ಲಾಟ್ ತೆಗೆದಿಡಿ ಎಂದರೆ ಆಡಳಿತದವರಿಗೆ ಅದು ಇಂದಿಗೂ ತುರ್ತು ಅನ್ನಿಸಿಲ್ಲ.

ಚಿಕಿತ್ಸೆಗೆ ದಿನಾಂಕ ಕೊಡುವ ಮುನ್ನ ಮೇಲಿನ ರೆಪ್ಪೆ ಮಗುಚಿ ನೋಡಿ. ವರ್ನಲ್ ಎಂಬ ಕಣ್ಣಿನ ಅಲರ್ಜಿಯ ಪ್ಯಾಪಿಲ್ಲಾಗಳು (ರೆಪ್ಪೆಯೊಳಗಿನ ಗುಳ್ಳೆಗಳು) ಕೆರಳಿದ್ದರೆ ಮೊದಲು ಅದನ್ನು ತಣಿಸಬೇಕು: ಓಲೋಪಟಡಿನ್ ಎಂಬ ಅಲರ್ಜಿ ಹನಿ, ಬೇಕಾದರೆ ಸ್ವಲ್ಪ ದಿನ ಸ್ಟೀರಾಯ್ಡ್, ಮುಂದೆ ಸೈಕ್ಲೋಸ್ಪೋರಿನ್. ಕೆರಳಿದ ಕಣ್ಣಿನಲ್ಲಿ ಚಿಕಿತ್ಸೆಗೆಂದು ಕೆರೆದ ಎಪಿಥೀಲಿಯಂ (ಕಾರ್ನಿಯಾದ ಮೇಲ್ಪದರ) ಬೇಗ ಮಾಯುವುದಿಲ್ಲ, ಸೋಂಕಿಗೂ ದಾರಿ. ಮಗು ಬೆರಳ ಗೆಣ್ಣಿನಿಂದ ಕಣ್ಣುಜ್ಜುವುದನ್ನು ಬಿಡದಿದ್ದರೆ ಮಾಡಿದ ಚಿಕಿತ್ಸೆಯೂ ಕೈಕೊಡಬಹುದು.

ಓಟಿಯಲ್ಲಿ ಉಸಿರು ಬಿಗಿಹಿಡಿಯುವ ಹೊತ್ತು ಯುವಿ ಹಚ್ಚುವುದಕ್ಕೆ ಮುಂಚಿನದು. 8–9 ಮಿಲಿಮೀಟರ್ ಎಪಿಥೀಲಿಯಂ ಕೆರೆದು, 30 ನಿಮಿಷ ರೈಬೋಫ್ಲೇವಿನ್ ಹಾಕಿ, ಆಂಟೀರಿಯರ್ ಚೇಂಬರಿನಲ್ಲಿ (ಕಾರ್ನಿಯಾದ ಹಿಂದಿನ ದ್ರವದ ಜಾಗ) ಔಷಧದ ಹಳದಿ ಬಂದಿದೆಯೇ ಎಂದು ಸ್ಲಿಟ್ ಲ್ಯಾಂಪಿನಲ್ಲಿ ನೋಡಿಯಾಗಿದೆ. ಕೆರೆದ ಕೂಡಲೇ ಕಾರ್ನಿಯಾದ ದಪ್ಪ ಅಳೆಯುವ ಪ್ಯಾಕಿಮೀಟರ್ 415 ಮೈಕ್ರಾನ್ ತೋರಿಸಿತ್ತು ಎಂದು ನಿಶ್ಚಿಂತರಾಗಬೇಡಿ. ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಜಾತಿಯ ವಸ್ತು ಇರುವ ರೈಬೋಫ್ಲೇವಿನ್ ದ್ರಾವಣ ಕಾರ್ನಿಯಾದಿಂದ ನೀರೆಳೆಯುತ್ತದೆ, ಸ್ಪೆಕ್ಯುಲಮ್ ಹಾಕಿ ತೆರೆದಿಟ್ಟ ಕಣ್ಣು ಒಣಗಿ ಇನ್ನಷ್ಟು ತೆಳುವಾಗುತ್ತದೆ. ಆ ಘಳಿಗೆಯಲ್ಲಿ ಮತ್ತೆ ಅಳೆದರೆ 380 ಬರಬಹುದು. 400ಕ್ಕಿಂತ ಕಡಿಮೆ ಇರುವಾಗ ಮಾಮೂಲಿ ಡೋಸ್ ಕೊಟ್ಟರೆ ಕಾರ್ನಿಯಾದ ಒಳಪದರವಾದ ಎಂಡೋಥೀಲಿಯಂಗೆ ಅಪಾಯ, ಅದು ಮತ್ತೆ ಬೆಳೆಯುವ ಪದರವಲ್ಲ. ಡೆಕ್ಸ್‌ಟ್ರಾನ್ ಇಲ್ಲದ ಹೈಪೋ-ಆಸ್ಮೋಲಾರ್ (ಕಾರ್ನಿಯಾಗೆ ನೀರು ಸೇರಿಸುವ) ರೈಬೋಫ್ಲೇವಿನ್ ಹಾಕಿ, ಕಾರ್ನಿಯಾ ಊದಲು ಬಿಟ್ಟು, ಪುನಃ ಅಳೆಯಿರಿ. ಲಿಸ್ಟ್ ತಡವಾಗುತ್ತಿದೆ ಎಂದು ಹೊರಗಿನಿಂದ ಯಾರು ಅವಸರಿಸಿದರೂ 400 ದಾಟುವ ತನಕ ದೀಪ ಹಚ್ಚಬಾರದು.

ಮೂಲ ವಿಧಾನವಾದ ಡ್ರೆಸ್ಡನ್ ಪ್ರೋಟೋಕಾಲ್ ಪ್ರಕಾರ ಯುವಿ ಬೆಳಕು ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್, 30 ನಿಮಿಷ. 9 ಮಿಲಿವ್ಯಾಟ್‌ಗೆ 10 ನಿಮಿಷ ಸಾಕು. ಎರಡರಲ್ಲೂ ಒಟ್ಟು ಡೋಸ್ ಚದರ ಸೆಂಟಿಮೀಟರಿಗೆ 5.4 ಜೂಲ್. ಅಲುಗಾಡದೆ ಮಲಗಲಾರದ ಮಗುವಿಗೆ ಈ 10 ನಿಮಿಷ ದೊಡ್ಡ ಅನುಕೂಲ. ತೀರಾ ಚಿಕ್ಕವರಿಗೆ ಜನರಲ್ ಅನಸ್ತೇಷಿಯಾ ಕೊಟ್ಟೇ ಮಾಡಿ. ನೋವು ಕಡಿಮೆಯೆಂದು ಎಪಿ-ಆನ್ (ಎಪಿಥೀಲಿಯಂ ಕೆರೆಯದೆ ಮಾಡುವುದು) ಕೇಳುವ ಪೋಷಕರಿದ್ದಾರೆ. ಮಕ್ಕಳಲ್ಲಿ ಗಟ್ಟಿಯಾಗಿ ನಿಲ್ಲುವುದು ಕೆರೆದು ಮಾಡುವ ಎಪಿ-ಆಫ್.

ಕೆರೆದ ಜಾಗ ಮುಚ್ಚುವ ಬ್ಯಾಂಡೇಜ್ ಲೆನ್ಸ್ ಎಪಿಥೀಲಿಯಂ ಕೂಡುವವರೆಗೆ ಇರಲಿ, ಸಾಮಾನ್ಯವಾಗಿ 3–5 ದಿನ. ನೋವು ಹೆಚ್ಚಿ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕರೆತರಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಮೊದಲ ತಿಂಗಳ ಸ್ಕ್ಯಾನಿನಲ್ಲಿ ಕೆ-ಮ್ಯಾಕ್ಸ್ ಏರಿದ್ದು ಕಂಡು ‘ಫೇಲ್’ ಎನ್ನಬೇಡಿ, ಅದು ಆಮೇಲೆ ಇಳಿಯುವುದುಂಟು. ಪ್ರತಿ ಭೇಟಿಯಲ್ಲೂ ಇನ್ನೊಂದು ಕಣ್ಣಿನ ಸ್ಕ್ಯಾನ್ ಆಗಲೇಬೇಕು, ಒಡಹುಟ್ಟಿದವರದ್ದೂ ಒಮ್ಮೆ.