412 ಎಸಿ

ಹೊಸದಾಗಿ ಸೇರಿದ ಹುಡುಗ ಇವತ್ತು ರಿಪೋರ್ಟ್ ತೆಗೆದು ತಂದ. ಆಫೀಸ್ ಸಾಮಾನಿನ ಪಟ್ಟಿಯಲ್ಲಿ 412 ಎಸಿ!

"ಅಕ್ಕ, ಮಡಿಕೇರಿಯಲ್ಲಿ ಇಷ್ಟೊಂದು ಎಸಿ ಯಾಕೆ?"

ನ್ಯಾಯವಾದ ಪ್ರಶ್ನೆನೇ. ಹೊರಗೆ ಕಕ್ಕಡ ತಿಂಗಳ ಮಳೆ. ಒಳಗೆ ಎಲ್ಲರೂ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದೇವೆ.

ನಮ್ಮದು ಕಾಫಿ ವ್ಯಾಪಾರ. ಡೇಟಾಬೇಸ್‌ನಲ್ಲಿ ಎಸಿ ಅಂದ್ರೆ ಅರೇಬಿಕಾ ಚೆರಿ, ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ಪಲ್ಪ್ ಮಾಡಿ, ಅಂದ್ರೆ ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಎಪಿ, ಅರೇಬಿಕಾ ಪಾರ್ಚ್‌ಮೆಂಟ್. ರೋಬಸ್ಟಾ ಆದ್ರೆ ಆರ್‌ಸಿ, ಆರ್‌ಪಿ. ಆರ್‌ಸಿ ಕಾಲಂ ಅನ್ನು ಅವನು ಜೀಪಿನ ಕಾಗದ ಅಂದುಕೊಂಡಿದ್ದನಂತೆ, ಪಾಪ.

ಇದಾದರೂ ವಾಸಿ. ನಿಜವಾದ ಸ್ಟಾಕ್ ಇರುವ ಟೇಬಲ್ ಹೆಸರು 'ಟೆಸ್ಟ್2'. 'ಸ್ಟಾಕ್_ಫೈನಲ್' ಪೂರ್ತಿ ಖಾಲಿ. 'ಸ್ಟಾಕ್_ಫೈನಲ್_ನ್ಯೂ' ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ, ಅಳಿಸೋಕೆ ಧೈರ್ಯವೂ ಇಲ್ಲ. ಹೆಸರಿಟ್ಟವರು ಕೆಲಸ ಬಿಟ್ಟು ಯಾವ ಕಾಲ ಆಯ್ತೋ.

ಈಗ ಕಾಳುಮೆಣಸಿಗೂ ಒಂದು ಕಾಲಂ ಬೇಕು. "ಹೆಸರು ಏನಿಡೋಣ ಸಾರ್?" ಅಂದೆ.

ಯಜಮಾನರು ಫೋನಿನಿಂದ ತಲೆಯೆತ್ತದೆ, "ಪೆಪ್ಪರ್ ಅಲ್ವಾ, ಸುಮ್ನೆ ಪಿಪಿ ಅಂತ ಹಾಕಿ" ಅಂದರು.